ಮರಳೆಂಬ ಮೂರಕ್ಷರ

ನನ್ನ ಎಡಗಾಲಿನ ಬೂಟಿನೊಳಗೆ ಮರಳಿದೆ. ಕುವೈತಿನಲ್ಲಿ ವಾಸಿಸುವವನೊಬ್ಬ ಹೀಗೆ ದೂರುವುದೆಂದರೆ ಮೀನು ತನಗೆ ಶೀತವಾದೀತೆಂದು ದೂರಿದ ಹಾಗೆ ಎಂದು ನೀವು ನಗಬಹುದು, ನಗಿ, ಅಡ್ಡಿಯಿಲ್ಲ. ಇಲ್ಲಿ ಮರಳು ಕಿಟಕಿಯ ಸಂದಿನಲ್ಲಿ, ಏಸಿಯ ಜಾಲರಿಯಲ್ಲಿ, ಒಗೆದು ಮಡಚಿಟ್ಟ ಅಂಗಿಯ ಕಾಲರಿನಲ್ಲಿ, ಧೂಳುಗಾಳಿಯ ದಿನ ಬಾಯಿ ಮುಚ್ಚಿಕೊಂಡಿದ್ದವನ ಹಲ್ಲಿನ ನಡುವೆಯೂ ಸರ್ವಾಂತರ್ಯಾಮಿಯಾಗಿ ನೆಲೆಸಿರುತ್ತದೆ. ಆದರೆ ಬೂಟಿನೊಳಗಿನ ಈ ಚಿಟಿಕೆ ಮರಳು ಗಾಳಿ ತಂದದ್ದಲ್ಲ, ಒಂದು ದ್ವೀಪದಿಂದ ನಾನೇ ಹೊತ್ತು ತಂದದ್ದು. ಬೂಟನ್ನು ಬೋರಲು ಮಾಡಿ ಎರಡು ಸಲ ಬಡಿದರೆ ಹೋಗುವಂಥದ್ದು. ಬಡಿದಿಲ್ಲ. ಯಾಕೆ ಬಡಿದಿಲ್ಲವೆಂದು ಹೇಳಲು ಸ್ವಲ್ಪ ಸುತ್ತುಬಳಸಿನ ದಾರಿ ಹಿಡಿಯಬೇಕಾಗುತ್ತದೆ. ಪುರುಸೊತ್ತಿದ್ದರೆ ಜೊತೆಗೆ ಬನ್ನಿ.

ಮೊದಲು ಆ ಶಬ್ದದ ವಿಚಾರ. ನನ್ನ ಮನೆಮಾತು ತುಳು. ಅದರಲ್ಲಿ ಮರಳಿಗೆ ಪೊಯ್ಯೆ ಎನ್ನುತ್ತೇವೆ. ಹೆಂಡತಿ ಲವೀನಾ ಶಿರ್ವದ ಕೊಂಕಣಿ ಕ್ರೈಸ್ತರ ಮನೆಯವಳು, ಅವಳಿಗದು ರೇಂವ್. ಅವಳಿಗೆ ತುಳು ಬರುವುದಿಲ್ಲವೆಂದಲ್ಲ, ಅಂಗಡಿಗೆ ಸಾಲುವಷ್ಟು ಬರುತ್ತದೆ, ಸಂಸಾರಕ್ಕೆ ಸಾಲದು ಎಂಬುದು ಅವಳ ವಾದ. ನನ್ನ ಕೊಂಕಣಿಯೋ, ಅವಳ ಅಕ್ಕಂದಿರನ್ನು ನಗಿಸುವುದಕ್ಕೆ ಮಾತ್ರ ಯೋಗ್ಯವಾದದ್ದು. ಹೀಗಾಗಿ ಮದುವೆಯ ಹೊಸತರಲ್ಲಿ ಉಭಯ ಪಕ್ಷಗಳೂ ಕನ್ನಡವನ್ನು ತಟಸ್ಥ ಪ್ರದೇಶವೆಂದು ಘೋಷಿಸಿ ಅಲ್ಲಿ ಬಿಡಾರ ಹೂಡಿದೆವು. ಶಾಲೆಯ ಪುಸ್ತಕದಿಂದ ಬಂದ ಕನ್ನಡವಾದ್ದರಿಂದ ನಮ್ಮ ಮನೆಯಲ್ಲಿ ಊರವರ ಆಡುಗನ್ನಡದ ಹೊಯ್ಗೆ ಕೂಡ ಇರಲಿಲ್ಲ. ಪಠ್ಯಪುಸ್ತಕದ ಮರಳೇ ಇತ್ತು. ಮರಳು ಎಂದರೆ ಹಿಂತಿರುಗು ಎಂಬ ಅರ್ಥವೂ ಉಂಟು ಎಂದು ನಾನೊಮ್ಮೆ ಪಾಂಡಿತ್ಯ ಮೆರೆದಾಗ ಲವೀನಾ ನಂಬಲಿಲ್ಲ. ಕಾಲಿಗೆ ಅಂಟುವುದಕ್ಕೂ ಕಾಲು ಮಾಡುವ ಕೆಲಸಕ್ಕೂ ಒಂದೇ ಹೆಸರಿಡುವಷ್ಟು ಶಬ್ದದಾರಿದ್ರ್ಯ ನಿಮ್ಮ ಕನ್ನಡಕ್ಕೆ ಯಾಕೆ ಬಂತು ಎಂದು ಕೇಳಿದಳು. ಕನ್ನಡ ಯಾವಾಗ ನನ್ನೊಬ್ಬನದಾಯಿತೋ ತಿಳಿಯಲಿಲ್ಲ.

ಅರ್ಥ ಏನೇ ಇರಲಿ, ಪದಾರ್ಥದೊಂದಿಗೆ ಅವಳಿಗೆ ಹಗೆತನ. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದವಳು. ಹಗಲಿಡೀ ಉಪಕರಣಗಳನ್ನು ಕುದಿಸಿ ಒರೆಸಿ ಜೋಡಿಸಿ ಬಂದವಳಿಗೆ ಮನೆಯ ನೆಲದ ಮೇಲೆ ಒಂದು ಕಣ ಕಂಡರೂ ಅದು ಶತ್ರುಸೈನ್ಯದ ಗೂಢಚಾರನೆಂಬ ಅನುಮಾನ. ದ್ವೀಪದ ತೀರಕ್ಕೆ ಹೋಗಿ ಬರುವಾಗಲಂತೂ ನನ್ನನ್ನು ಜೆಟ್ಟಿಯ ಬೆಂಚಿನ ಮೇಲೆ ಕೂರಿಸಿ, ಎರಡೂ ಕಾಲು ಮುಂದೆ ಚಾಚಿಸಿ, ಹಳೆಯ ಟವೆಲಿನ ತುಂಡಿನಿಂದ ಬೆರಳ ಸಂದುಗಳನ್ನೂ ಬಿಡದೆ ಒರೆಸಿ, ಪ್ಯಾಂಟಿನ ಅಂಚನ್ನು ಕೊಡವಿ, ಬೂಟನ್ನು ಬಡಿದು, ಆಮೇಲೆಯೇ ದೋಣಿ ಹತ್ತಲು ಅಪ್ಪಣೆ. ಸುತ್ತಲಿನವರು ನೋಡಿ ನಗುತ್ತಿದ್ದರು. ನಾನು ಪಟ್ಟಾಭಿಷಿಕ್ತನಾದ ರಾಜನ ಗಾಂಭೀರ್ಯದಿಂದ ಕಾಲು ಚಾಚಿ ಕೂತಿರುತ್ತಿದ್ದೆ. ಆ ಉಪಚಾರ ನನಗೆ ಇಷ್ಟವಾಗಿತ್ತು ಎಂದು ಅವಳಿಗೆ ಯಾವತ್ತೂ ಹೇಳಿದ್ದಿಲ್ಲ.

ದ್ವೀಪ ನಮಗೆ ದೊರೆತದ್ದು ಅದೇ ಕ್ಲಿನಿಕ್ಕಿನ ಚಾವಣಿಯಿಂದ. ಅಲ್ಲಿನ ಈಜಿಪ್ತಿನ ವೈದ್ಯರು ಹಲ್ಲಿನ ರೋಗಿಯ ದೃಷ್ಟಿ ಬೀಳುವ ಏಕೈಕ ಜಾಗ ಮೇಲ್ಭಾಗವೆಂಬುದನ್ನು ಅರಿತು ಅಲ್ಲಿ ಕೆರಿಬಿಯನ್ ದ್ವೀಪವೊಂದರ ದೊಡ್ಡ ಚಿತ್ರವನ್ನು ಅಂಟಿಸಿದ್ದರು: ಹಸಿರು ನೀರು, ಬಿಳಿ ತೀರ, ಬಾಗಿದ ತೆಂಗು, ಅದರ ಕೆಳಗೆ ಎರಡು ಖಾಲಿ ಕುರ್ಚಿ. ದವಡೆ ಹಲ್ಲು ಕೀಳಿಸಿಕೊಳ್ಳಲು ಹೋದ ನಾನು ಆ ಕುರ್ಚಿಗಳನ್ನೇ ದಿಟ್ಟಿಸುತ್ತ ಬಾಯಿ ತೆರೆದು ಮಲಗಿದ್ದೆ. ಹಲ್ಲು ಬಿತ್ತು, ಆಸೆ ಹುಟ್ಟಿತು. ಕೆರಿಬಿಯನ್ ಎಂಬುದು ನಕ್ಷೆಯ ಯಾವ ಮೂಲೆಯಲ್ಲಿದೆಯೆಂದು ನೋಡಿ, ಶುವೈಖಿನ ವಾಹನ ಬಿಡಿಭಾಗಗಳ ಕಂಪನಿಯಲ್ಲಿ ಗುಮಾಸ್ತಿಕೆ ಮಾಡುವವನ ರೆಕ್ಕೆ ಅಷ್ಟು ದೂರ ಹರಡಲಾರದೆಂದು ಮನಗಂಡು, ಹತ್ತಿರದ ದ್ವೀಪವನ್ನೇ ಆರಿಸಿಕೊಂಡೆವು. ಫೈಲಕಾ. ದೋಣಿ ಹತ್ತಿ ಸ್ವಲ್ಪ ಹೊತ್ತು ಕೂತರೆ ಬಂದುಬಿಡುವ, ತೆಂಗಿಲ್ಲದ, ಯುದ್ಧದಲ್ಲಿ ಜನ ಬಿಟ್ಟುಹೋದ ಮನೆಗಳ ಗೋಡೆಯಲ್ಲಿ ಇನ್ನೂ ಗುಂಡಿನ ತೂತುಗಳಿರುವ, ಒಂಟೆಗಳು ಯಾರಿಗೋ ಕಾಯುವವರಂತೆ ನಿಂತಿರುವ ದ್ವೀಪ. ಜನವಸತಿಯಿಂದ ದೂರ, ಮುರಿದ ಕಾಂಪೌಂಡೊಂದರ ಆಚೆಗೆ ನಮ್ಮ ತೀರವಿತ್ತು. ಚಳಿಗಾಲ ಬಂತೆಂದರೆ ಒಂದು ಶುಕ್ರವಾರ ಚಾಪೆ, ಫ್ಲಾಸ್ಕು, ಖುಬೂಸ್ ರೊಟ್ಟಿಗೆ ಸವರಿದ ಶುಂಠಿ ಚಟ್ನಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ನಮ್ಮ ಕೆರಿಬಿಯನ್ ಎಂದು ಅದಕ್ಕೆ ಹೆಸರು. ಮಗಳು ನಿಶಾ ದೊಡ್ಡವಳಾಗಿ ಅವಳ ಟ್ಯೂಷನ್ನು, ಪರೀಕ್ಷೆಗಳು ಶುಕ್ರವಾರಗಳನ್ನು ನುಂಗತೊಡಗಿದ ಮೇಲೆ ಹೋಗುವುದು ನಿಂತಿತ್ತು. ಈ ಫೆಬ್ರುವರಿಯಲ್ಲಿ, ಬಹಳ ವರ್ಷಗಳ ನಂತರ, ಮತ್ತೆ ಹೋದೆವು. ಹೋಗುವುದಕ್ಕೆ ಕಾರಣ ಸಂತೋಷದ್ದಾಗಿರಲಿಲ್ಲ.

ಲವೀನಾ ಕ್ಯಾನ್ಸಲ್ ಆಗಿದ್ದಳು. ಗಲ್ಫಿನ ಹೊರಗಿರುವವರಿಗೆ ಈ ವಾಕ್ಯ ವಿಚಿತ್ರವಾಗಿ ಕೇಳಿಸೀತು. ರೈಲು ಕ್ಯಾನ್ಸಲ್ ಆಗುತ್ತದೆ, ಸಭೆ ಕ್ಯಾನ್ಸಲ್ ಆಗುತ್ತದೆ. ಇಲ್ಲಿ ಮನುಷ್ಯರೂ ಆಗುತ್ತಾರೆ. ಕೆಲಸ ಮುಗಿದು, ಇಕಾಮಾ ಎಂಬ ವಾಸದ ಪರವಾನಗಿ ರದ್ದಾಗಿ, ಊರಿಗೆ ಹೊರಡುವುದಕ್ಕೆ ನಮ್ಮವರೆಲ್ಲ ಹೇಳುವುದು ಹೀಗೆಯೇ: ಅವರು ಕ್ಯಾನ್ಸಲ್ ಆದರು, ಇವರದ್ದು ಮುಂದಿನ ತಿಂಗಳು ಕ್ಯಾನ್ಸಲ್. ವೃದ್ಧರಾದ ವೈದ್ಯರು ಕ್ಲಿನಿಕ್ಕು ಮುಚ್ಚಿ ತಮ್ಮೂರಿಗೆ ಹೊರಟರು, ಅವರೊಂದಿಗೆ ಲವೀನಾಳ ವೀಸಾವೂ ಹೊರಟಿತು. ಬೇರೆ ಕಡೆ ಪ್ರಯತ್ನಿಸಿದಳು. ಅವಳ ವಯಸ್ಸಿಗೆ ಯಾರೂ ಬಾಗಿಲು ತೆರೆಯಲಿಲ್ಲ. ಕುಟುಂಬ ವೀಸಾದಲ್ಲಿ ನಾನೇ ಇರಿಸಿಕೊಳ್ಳೋಣವೆಂದರೆ ಹೆಂಡತಿಯನ್ನು ಇರಿಸಿಕೊಳ್ಳುವವನ ಸಂಬಳ ಇಷ್ಟಾದರೂ ಇರಬೇಕೆಂಬ ನಿಯಮವಿದೆ, ನನ್ನದು ಆ ಗೆರೆಯ ಕೆಳಗೆ ನಿಂತು ಕತ್ತೆತ್ತಿ ನೋಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಸಂಸಾರ ನಡೆಸುತ್ತಿದ್ದೇನೆಂದು ತಿಳಿದಿದ್ದೆ, ಅವಳು ನಡೆಸುತ್ತಿದ್ದುದು ಆಗ ತಿಳಿಯಿತು. ಮಂಗಳೂರಿನಲ್ಲಿ ಫಿಸಿಯೊಥೆರಪಿ ಓದುತ್ತಿರುವ ನಿಶಾಳಿಗೆ ಇನ್ನೆರಡು ವರ್ಷ ಬಾಕಿ. ಆದ್ದರಿಂದ ತೀರ್ಮಾನ ಸರಳ: ಅವಳು ಹೋಗುವುದು, ನಾನು ಉಳಿಯುವುದು. ನಿಶಾಳಿಗೆ ಫೋನಿನಲ್ಲಿ ಕನ್ನಡದಲ್ಲಿ ಎಲ್ಲವನ್ನೂ ವಿವರಿಸಿದೆ. "ಇಟ್ಸ್ ಓನ್ಲಿ ಟೂ ಇಯರ್ಸ್, ಪಪ್ಪಾ," ಎಂದಳು.

ಈ ಕ್ಯಾನ್ಸಲ್ ಶಬ್ದ ನಮ್ಮನ್ನು ಇನ್ನೊಂದು ಪೇಚಿಗೂ ಸಿಕ್ಕಿಸಿತು. ಸುದ್ದಿ ತಿಳಿಸಲು ಲವೀನಾ ಶಿರ್ವದ ಅಕ್ಕ ಎವ್ಲಿನ್‌ಗೆ ಫೋನ್ ಮಾಡಿ, "ಮ್ಹಜೆಂ ಕ್ಯಾನ್ಸಲ್ ಜಾಲೆಂ," ನನ್ನದು ಕ್ಯಾನ್ಸಲ್ ಆಯಿತು, ಎಂದಳು. ಅಷ್ಟರಲ್ಲಿ ಲೈನ್ ಹೋಯಿತು. ಎವ್ಲಿನ್ ಬಾಯಿಗೆ ಗಲ್ಫಿನ ಉಪ್ಪು ಬಿದ್ದಿಲ್ಲ; ಅವಳ ಕಿವಿಗೆ ಬಿದ್ದದ್ದು ಕ್ಯಾನ್ಸರ್. ಮುಂದಿನದನ್ನು ನೀವೇ ಊಹಿಸಬಹುದು. ಸಂಜೆಯೊಳಗೆ ಇಗರ್ಜಿಯಲ್ಲಿ ಪ್ರಾರ್ಥನೆಗೆ ಹೆಸರು ಸೇರಿತು, ಅಕ್ಕಪಕ್ಕದ ಮನೆಗಳಲ್ಲಿ ಮೋಂಬತ್ತಿ ಹೊತ್ತಿತು, ನಮ್ಮ ಮದುವೆಯನ್ನು ಒಪ್ಪದೆ ಅಂದಿನಿಂದ ಒಂದು ಮಾತೂ ಆಡದಿದ್ದ ನನ್ನ ಅಣ್ಣನಿಗೂ ಯಾರೋ ಮುಟ್ಟಿಸಿದರು. ಅಣ್ಣ ಫೋನ್ ಮಾಡಿದ. ಸ್ವರ ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ಹೇಗುಂಟು ಎಂದು ತುಳುವಿನಲ್ಲಿ ಕೇಳಿ ಗದ್ಗದಿತನಾದ. ಅಂಥದ್ದೇನೂ ಇಲ್ಲ, ವೀಸಾ ಕ್ಯಾನ್ಸಲ್ ಆಗಿರುವುದು ಎಂದೆ. "ಬರೇ ವೀಸಾವಾ? ಹಾಗಾದ್ರೆ ಇಡ್ತೇನೆ," ಎಂದು ಇಟ್ಟುಬಿಟ್ಟ. ಆಮೇಲೆ ಮಾಡಿಲ್ಲ. ಎವ್ಲಿನ್ ಕೂಡ ಸತ್ಯ ತಿಳಿದ ಮೇಲೆ ಹೊಟ್ಟೆತುಂಬ ಬೈದು, ಪುಕ್ಕಟೆಯಾಗಿ ಅಳಿಸಿದಿರಿ ಎಂದಳು. ಮರುದಿನದಿಂದ ಫೋನ್ ಮಾಡಿದವರೆಲ್ಲ ಹೌದಾ, ಇನ್ನು ಮುಂದೆ ಎಂತ ಪ್ಲಾನ್ ಎಂದಷ್ಟೇ ಕೇಳಿದರು. ಕ್ಯಾನ್ಸರಿಗೆ ಹೊತ್ತಿದ ಮೋಂಬತ್ತಿ ಕ್ಯಾನ್ಸಲ್‌ಗೆ ಒಂದೂ ಹೊತ್ತಲಿಲ್ಲ. ನಾವಿಬ್ಬರೂ ಅಂದು ಬಿದ್ದು ಬಿದ್ದು ನಕ್ಕೆವು, ಲವೀನಾ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಒರೆಸಿಕೊಂಡದ್ದು ಮುಗಿಯಲೇ ಇಲ್ಲವಾದಾಗ ನಾನು ನಗುವುದನ್ನು ನಿಲ್ಲಿಸಿದೆ.

ಹೆಂಡತಿ ಹೋದ ಮೇಲೆ ಇಲ್ಲಿ ಗಂಡಸಿಗೆ ಬ್ಯಾಚುಲರ್ ಎಂದು ಹೆಸರು. ಮದುವೆಯಾಗಿರಲಿ, ಮೊಮ್ಮಕ್ಕಳಿರಲಿ, ಕುಟುಂಬ ಜೊತೆಗಿಲ್ಲವೆಂದರೆ ಅವನು ಬ್ಯಾಚುಲರ್, ಮತ್ತು ಫ್ಯಾಮಿಲಿಗಳಿರುವ ಕಟ್ಟಡದಲ್ಲಿ ಬ್ಯಾಚುಲರಿಗೆ ಜಾಗವಿಲ್ಲ. ಐವತ್ತಾರರ ಹರೆಯದಲ್ಲಿ ನನಗೆ ಈ ಯೌವನಪ್ರಾಪ್ತಿಯಾಯಿತು. ಫರ್ವಾನಿಯಾದಲ್ಲಿ ನಾಲ್ವರು ಇರುವ ಕೋಣೆಯಲ್ಲಿ ಮಂಚವೊಂದು ಖಾಲಿಯಾಗಿದೆಯೆಂದು ತಿಳಿದು ನೋಡಲು ಹೋದೆ. ತೋರಿಸಿದವರು ಇಬ್ರಾಹಿಂ, ಅರ್ದಿಯಾದ ಗೋದಾಮಿನಲ್ಲಿ ಕೆಲಸ ಮಾಡುವ ಉಪ್ಪಿನಂಗಡಿಯ ಬ್ಯಾರಿ, ನನಗಿಂತ ಹತ್ತು ವರ್ಷ ಚಿಕ್ಕವರು, ಬ್ಯಾಚುಲರಿಕೆಯಲ್ಲಿ ಮಾತ್ರ ಬಹಳ ಹಿರಿಯರು. "ಅಡುಗೆಗೆ ಟರ್ನ್ ಉಂಟು, ಸುವರ್ಣರೇ. ನಿಮ್ಮದು ಮಂಗಳವಾರ," ಎಂದರು. ಅನ್ನ ಮಾಡಲು ಬರುವುದಿಲ್ಲವೆಂದು ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ. ಮಂಚದ ಪಕ್ಕದ ಗೋಡೆಯಲ್ಲಿ ಹಿಂದಿನವನು ತನ್ನ ಮಕ್ಕಳ ಫೋಟೋ ಅಂಟಿಸಿದ್ದ ಗುರುತಿನ ಚೌಕ ಉಳಿದಿತ್ತು. ಅವರು ಎರಡು ವರ್ಷಕ್ಕೆಂದು ಬಂದವರು, ಹದಿನೇಳು ವರ್ಷ ಇದ್ದರು ಎಂದು ಇಬ್ರಾಹಿಂ ಸಹಜವಾಗಿ ಹೇಳಿದರು.

ಇದನ್ನೆಲ್ಲ, ಗೋಡೆಯ ಚೌಕದ ಸಮೇತ, ಮನೆಗೆ ಬಂದು ತಮಾಷೆಯಾಗಿ ಹೇಳಿದೆ. ಲವೀನಾ ನಗಲಿಲ್ಲ. ಹೊರಡುವುದಕ್ಕೆ ಮೊದಲು ನಮ್ಮ ಕೆರಿಬಿಯನ್‌ಗೆ ಹೋಗುವ ಎಂದಳು, ಅಷ್ಟೇ.

ಶುಕ್ರವಾರದ ದೋಣಿಯಲ್ಲಿ ಗಾಳಿ ಜೋರಾಗಿತ್ತು. ಅವಳು ಶಾಲನ್ನು ಕಿವಿಗೆ ಸುತ್ತಿಕೊಂಡು ನಗರದ ಗೋಪುರಗಳ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ಹಿಂತಿರುಗಿ ಹೋಗುವ ಪ್ರಿಯಸ್ಥಳಗಳ ಬಗ್ಗೆ ನನಗೊಂದು ತಕರಾರಿದೆ: ನಾವು ಮುದುಕರಾಗಿರುವುದನ್ನು ಅವು ಮರೆಮಾಚುವುದಿಲ್ಲ, ತಾವು ಬದಲಾಗಿರುವುದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ಮುರಿದ ಕಾಂಪೌಂಡಿನ ಜಾಗದಲ್ಲಿ ತಂತಿಬೇಲಿ ಬಂದಿತ್ತು. ಅದನ್ನು ಬಳಸಿ ಹೋಗುವಾಗ ನನ್ನ ಮಂಡಿ ಪ್ರತಿ ಹೆಜ್ಜೆಗೂ ಸಣ್ಣ ಭಾಷಣ ಮಾಡಿತು. ತೀರವಿತ್ತು, ಆದರೆ ನೆನಪಿನಲ್ಲಿದ್ದದ್ದರ ಅರ್ಧದಷ್ಟೇ ಅಗಲ. ಇಳಿತದ ಸಮುದ್ರ ಪಾಚಿಗಲ್ಲುಗಳನ್ನು ಹೊರಗೆ ಬಿಟ್ಟು ಬೂದುಬಣ್ಣದಲ್ಲಿ ದೂರ ಸರಿದು ಬಿದ್ದಿತ್ತು. ಹಿಂದೆ ನಿಶಾ ಚಿಪ್ಪು ಹೆಕ್ಕುತ್ತಿದ್ದ ಕಡೆ ಪ್ಲಾಸ್ಟಿಕ್ ಬಾಟಲಿಗಳು. ಇದು ಇಷ್ಟೇ ಇದ್ದದ್ದಾ ಎಂದು ನನಗೆ ಅನಿಸಿತು, ಅವಳಿಗೂ ಅನಿಸಿರಬೇಕು. ಇಬ್ಬರೂ ಸೇರಿ ಚಾಪೆ ಹಾಸಿದೆವು.

ಖುಬೂಸ್ ತಿಂದು ಮುಗಿಯುವಷ್ಟರಲ್ಲಿ ಪಾಠ ಶುರುವಾಯಿತು. ಚಹಾ ಕುಡಿದ ಲೋಟವನ್ನು ಪಾತ್ರೆಯೆಂದು ತಿಳಿಯಬೇಕೆಂದೂ, ಪಕ್ಕದ ಮರಳನ್ನು ಕುಚ್ಚಲಕ್ಕಿಯೆಂದು ಭಾವಿಸಬೇಕೆಂದೂ ಹೇಳಿ, ಗಂಡನೆಂಬ ಮಂದಬುದ್ಧಿಯ ವಿದ್ಯಾರ್ಥಿಗೆ ಅವಳು ಅನ್ನ ಮಾಡುವುದನ್ನು ಕಲಿಸತೊಡಗಿದಳು. ಅಕ್ಕಿಯನ್ನು ಮೂರು ಸಲ ತೊಳೆಯುವುದು. ನೀರು ಧಾರಾಳವಾಗಿ ಇಡುವುದು. "ಮರಳದೆ ಅಕ್ಕಿ ಹಾಕ್ಬೇಡಿ. ಚೆನ್ನಾಗಿ ಮರಳ್ಬೇಕು," ಎಂದಳು. ನನಗೆ ಅರ್ಥವಾಗಲಿಲ್ಲ. ಎಸರು ಮರಳುವುದು, ಕುದಿಯುವುದಕ್ಕೆ ಹಾಗೆ ಹೇಳುವುದು, ನರ್ಸಿಂಗ್ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕುಂದಾಪುರದ ಹೆಂಗಸು ಯಾವಾಗಲೂ ಹಾಗೇ ಹೇಳುತ್ತಿದ್ದಳು ಎಂದಳು. ಇಷ್ಟು ವರ್ಷ ಅಡುಗೆಮನೆಗೆ ಕಾಲಿಡದೆ ನಾನು ಕಳೆದುಕೊಂಡ ಶಬ್ದ ಅದು. ನೆಲದಲ್ಲಿರುವುದು, ಕುದಿಯುವುದು, ಹಿಂತಿರುಗುವುದು, ಮೂರಕ್ಕೂ ಅದೇ ಮೂರಕ್ಷರ. ನಿಮ್ಮ ಕನ್ನಡದ ಶಬ್ದದಾರಿದ್ರ್ಯ ಎಂದು ಈ ಸಲ ನಾನೇ ಅವಳನ್ನು ಛೇಡಿಸಿದೆ. ಅವಳು ಲೋಟದ ಮರಳನ್ನು ಬೆರಳಿನಿಂದ ಹಿಚುಕಿ, ಬೆಂದಿದೆಯೇ ಎಂದು ಹೀಗೆ ನೋಡಬೇಕು, ನಡುವೆ ಗಟ್ಟಿ ಸಿಗಬಾರದು ಎಂದು ತೋರಿಸುತ್ತಲೇ ಇದ್ದಳು. ಬೆರಳಿಗೆ ಮರಳು ಮೆತ್ತಿಕೊಂಡದ್ದು ಅವಳ ಗಮನಕ್ಕೇ ಬರಲಿಲ್ಲ.

ಆಮೇಲೆ ಸಮುದ್ರವನ್ನು ನೋಡುತ್ತಲೇ ಒಂದು ಮಾತು ಹೇಳಿದಳು.

"ಎವ್ಲಿನ್‌ಗೆ ಕೇಳಿಸಿದ್ದೇ ಸರಿಯಾಗಿದ್ರೆ ನೀವು ನನ್ನ ಒಟ್ಟಿಗೆ ಬರ್ತಿದ್ರಿ ಅಲ್ವಾ."

ದೂರಲಿಲ್ಲ, ಹವಾಮಾನದ ಬಗ್ಗೆ ಹೇಳುವವಳ ಧ್ವನಿ. ಹೌದು, ಬರುತ್ತಿದ್ದೆ. ಕಂಪನಿಯನ್ನೂ ಮಗಳ ಫೀಸನ್ನೂ ಎಲ್ಲಿದ್ದವೋ ಅಲ್ಲೇ ಬಿಟ್ಟು, ಆ ರಾತ್ರಿಯ ವಿಮಾನ ಹತ್ತುತ್ತಿದ್ದೆ. ಅಣ್ಣನೂ ಬಂದು ಏರ್‌ಪೋರ್ಟಿನಲ್ಲಿ ನಿಲ್ಲುತ್ತಿದ್ದ. ರೋಗಕ್ಕೆ ಜೊತೆಯಾಗಿ ಹೋಗುವುದು ಹೇಗೆಂದು ಎಲ್ಲರಿಗೂ ಗೊತ್ತಿದೆ. ವೀಸಾದಂಥ ಒಣ ಸಂಗತಿಗೆ ಅಗಲುವಾಗ ಮಾತ್ರ ಎಲ್ಲರೂ, ಅಗಲುವವರು ಕೂಡ, ಅದೇನು ಮಹಾ ಎಂಬಂತೆ ನಡೆದುಕೊಳ್ಳಬೇಕು. ಆರೋಗ್ಯವಂತರಾಗಿರುವ ಕಾರಣಕ್ಕಾಗಿ ನಾವು ಬೇರೆಯಾಗುತ್ತಿದ್ದೆವು. ನನಗೆ ಬಹಳ ದುಃಖವಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎರಡೇ ವರ್ಷ ಎಂದೆ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡೆ, ಆ ಗೋಡೆಯ ಮೇಲಿನ ಖಾಲಿ ಚೌಕ ಇಬ್ಬರಿಗೂ ನೆನಪಿತ್ತು. ಇಲ್ಲಿ ಯಾರನ್ನೇ ಕೇಳಿ ನೋಡಿ, ಎರಡು ವರ್ಷ ಇದ್ದು ಹೋಗುವವರೇ. ನಮ್ಮ ಕಂಪನಿಯ ಹಳೆಯ ಡ್ರೈವರ್ ಭಾಯಿ ನಾನು ಕೆಲಸಕ್ಕೆ ಸೇರಿದ ದಿನವೂ ಎರಡು ವರ್ಷ ಎಂದಿದ್ದರು, ಕಳೆದ ರಂಜಾನಿನಲ್ಲೂ ಅಷ್ಟೇ ಶ್ರದ್ಧೆಯಿಂದ ಎರಡು ವರ್ಷ ಎಂದರು. ಮಗಳ ಓದಿನ ನಂತರ ಮಗಳ ಮದುವೆ, ಅದರ ನಂತರ ಮನೆಯ ಮಾಡಿನ ರಿಪೇರಿ, ಅದರ ನಂತರ ಇನ್ನೊಂದು. ಲವೀನಾ ಹೆದರಿದ್ದು ಅದಕ್ಕೇ. ಮೊದಲನೆಯ ಮಂಗಳವಾರ ಅನ್ನ ಸೀಯುತ್ತದೆ, ಹತ್ತನೆಯದಕ್ಕೆ ಕೈ ಕೂಡುತ್ತದೆ, ಕೈ ಕೂಡಿದ ಗಂಡಸು ಊರಿಗೆ ಯಾಕೆ ಹೋಗುತ್ತಾನೆ ಎಂದು ಕೇಳಿದಳು. ಅನ್ನ ಕಲಿಸುತ್ತಿದ್ದವಳೇ ಅನ್ನ ಕಲಿತಾನೆಂದು ಹೆದರುತ್ತಿದ್ದಳು. ಬಂದೇ ಬರುತ್ತೇನೆಂದು ಹೇಳಿದೆ. ಹೇಳುವಾಗ ಭಾಯಿಯ ಧ್ವನಿಯೇ ನನ್ನ ಬಾಯಿಂದ ಬಂದ ಹಾಗಾಯಿತು.

ದೋಣಿಯ ಹೊತ್ತಾಯಿತು. ಜೆಟ್ಟಿಗೆ ಬಂದು, ಅಭ್ಯಾಸಬಲದಿಂದ ಬೆಂಚಿನ ಮೇಲೆ ಕೂತು, ನಾನು ಎರಡೂ ಕಾಲು ಮುಂದೆ ಚಾಚಿದೆ. ಲವೀನಾ ಚೀಲದಿಂದ ಟವೆಲಿನ ತುಂಡನ್ನು ತೆಗೆದಳು. ಬಲಗಾಲನ್ನು ಹಿಂದಿನ ಹಾಗೆಯೇ ಬೆರಳ ಸಂದು ಬಿಡದೆ ಒರೆಸಿದಳು, ಬೂಟು ಬಡಿದು ತೊಡಿಸಿದಳು. ಎಡಗಾಲಿನ ಹತ್ತಿರ ಬಂದವಳು ಕೈ ತಡೆದಳು. ಟವೆಲನ್ನು ಮಡಚಿ ಚೀಲದಲ್ಲಿಟ್ಟಳು.

"ಇರ್ಲಿ," ಎಂದಳು. ಮತ್ತೆ, "ಮರಳು," ಎಂದಳು.

ದೋಣಿಯ ದಾರಿಯುದ್ದಕ್ಕೂ ನಾನು ಆ ಪದದ ವ್ಯಾಕರಣದಲ್ಲಿ ಮುಳುಗಿದ್ದೆ. ನಾಮಪದವೋ ಕ್ರಿಯಾಪದವೋ? ನಾಮಪದವಾದರೆ ಸರಿ, ಮರಳು ಇರಲಿ ಬಿಡು ಎಂದರ್ಥ. ಕ್ರಿಯಾಪದವಾದರೆ ಅವಳು ನನ್ನನ್ನು ಏಕವಚನದಲ್ಲಿ ಕರೆದ ಹಾಗಾಯಿತು; ಇಷ್ಟು ವರ್ಷಗಳಲ್ಲಿ ಜಗಳದ ಪರಾಕಾಷ್ಠೆಯಲ್ಲೂ ನೀವು ಎಂಬುದನ್ನು ಬಿಟ್ಟವಳಲ್ಲ. ಕೇಳಬಹುದಿತ್ತು, ಪಕ್ಕದಲ್ಲೇ ಕೂತಿದ್ದಳು. ಅವಳು ಬರೀ ನಾಮಪದವೆಂದುಬಿಟ್ಟರೆ ಎಂದು ಹೆದರಿ ಕೇಳಲಿಲ್ಲ. ಮರುವಾರ ಅವಳು ಹೋದಳು. ಏರ್‌ಪೋರ್ಟಿನಲ್ಲಿ ನಾವು ತೂಕದ ಬಗ್ಗೆ, ಬೆಲ್ಟಿನ ಮೇಲೆ ಬರುವ ಪೆಟ್ಟಿಗೆಗೆ ಕಟ್ಟಿದ ಕೆಂಪು ರಿಬ್ಬನ್ನಿನ ಬಗ್ಗೆ ಮಾತಾಡಿದೆವು.

ಮೊನ್ನೆ ನನ್ನ ಮೊದಲನೆಯ ಮಂಗಳವಾರ. ಬಾಗಿಲ ಬಳಿ ಜೋಡಿಸಿಟ್ಟ ಬೂಟುಗಳನ್ನು ಸರಿಸುತ್ತಿದ್ದ ಇಬ್ರಾಹಿಂ, "ನಿಮ್ಮದ್ರಲ್ಲಿ ಹೊಯ್ಗೆ ಉಂಟಲ್ಲ, ಸುವರ್ಣರೇ. ಕೊಡವುದಾ?" ಎಂದು ಕೇಳಿದರು. ಇರಲಿ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಎಡಗಾಲಿನ ಬೂಟನ್ನು ಚೆಲ್ಲದ ಹಾಗೆ ನೆಟ್ಟಗೆ ಇಟ್ಟು ಹೋದರು. ಅಕ್ಕಿ ಮೂರು ಸಲ ತೊಳೆದೆ, ನೀರು ಧಾರಾಳವಾಗಿ ಇಟ್ಟೆ, ಫೋನನ್ನು ಮಸಾಲೆ ಡಬ್ಬಕ್ಕೆ ಆನಿಸಿ ನಿಲ್ಲಿಸಿದೆ. ತೆರೆಯ ಮೇಲೆ ಲವೀನಾ ಊರಿನ ತನ್ನ ಅಡುಗೆಮನೆಯಲ್ಲಿ ಕೂತಿದ್ದಳು, ನಾನು ಈ ಅಡುಗೆಮನೆಯಲ್ಲಿ ನಿಂತಿದ್ದೆ.

"ಮರಳಿತಾ?" ಎಂದು ಕೇಳಿದಳು.

ಪಾತ್ರೆಯೊಳಗೆ ಇಣುಕಿದೆ. ತಳದಲ್ಲಿ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು, ಮೇಲೆ ಬರುವ ಮನಸ್ಸು ಮಾಡಿರಲಿಲ್ಲ.

"ಇಲ್ಲ," ಎಂದೆ. "ಇನ್ನೂ ಮರಳಲಿಲ್ಲ."

ಅವಳು ಕುರ್ಚಿಯನ್ನು ಫೋನಿಗೆ ಹತ್ತಿರ ಎಳೆದುಕೊಂಡು, "ಕಾಯ್ತೇನೆ," ಎಂದಳು.